ಮುಖ ಮೊದಲು, ರೇಖೆ ಆಮೇಲೆ

ಜೂನ್ ೩, ಸೋಮವಾರ

ಇವತ್ತಿನಿಂದ ರಜೆ. ನಾನು ಕೇಳಿದ ರಜೆಯಲ್ಲ, ಅವರಾಗಿಯೇ ಕೊಟ್ಟದ್ದು. ಬೆರಳಚ್ಚು ವಿಭಾಗದಲ್ಲಿ ಮೂವತ್ತೊಂದು ವರ್ಷ ಕಣ್ಣು ಬಾತುಹೋಗುವಷ್ಟು ಗೆರೆ ಎಣಿಸಿದವಳಿಗೆ ಸಾಹೇಬರು ಹೇಳಿದ್ದು ಇಷ್ಟು: "ಮೇಡಂ, ಮೂರು ವಾರ ಮನೇಲಿರಿ. ಇಪ್ಪತ್ತೈದಕ್ಕೆ ಸಮಿತಿ ಮುಂದೆ ಬಂದು, ನನ್ನ ಅಭಿಪ್ರಾಯದಲ್ಲಿ ಬದಲಾವಣೆ ಇಲ್ಲ ಅಂತ ಒಂದು ಸಾಲು ಕೊಟ್ಟುಬಿಡಿ. ಮುಗೀತು." ಆ ಸಾಲನ್ನೂ ಅವರೇ ಟೈಪ್ ಮಾಡಿಸಿ ಕೊಟ್ಟಿದ್ದಾರೆ. ಸಹಿ ಹಾಕುವುದಷ್ಟೇ ಬಾಕಿ.

ಇದಕ್ಕೆಲ್ಲ ಕಾರಣ ಭೂತಗನ್ನಡಿ. ಹೋದ ವರ್ಷ ಕೆಲಸಕ್ಕೆ ಸೇರಿದ ದಪ್ಪ ಕನ್ನಡಕದ ಹುಡುಗಿ, ಹೆಸರು ನಾನಿಟ್ಟದ್ದು. ಮಾರ್ಚ್ ಒಂಬತ್ತರಂದು ಒಂದು ಗಡಿಯಾರದ ಅಂಗಡಿಗೆ ಯಾರೋ ಬೀಗ ಒಡೆಯದೆ ನುಗ್ಗಿ ಉಕ್ಕಿನ ಪೆಟ್ಟಿಗೆ ಖಾಲಿ ಮಾಡಿದ್ದರು. ಪೆಟ್ಟಿಗೆಯ ಮೇಲೆ ಅರ್ಧ ಹೆಬ್ಬೆರಳಿನ ಗುರುತು ಸಿಕ್ಕಿತ್ತು. ಪೊಲೀಸರು ಏಪ್ರಿಲ್‌ನಲ್ಲಿ ಒಬ್ಬ ಬೀಗ ರಿಪೇರಿಯವನನ್ನು ಹಿಡಿದು ಅವನ ಬೆರಳಚ್ಚು ಕಳಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹನ್ನೆರಡು ಕಡೆ ಹೊಂದಿಕೆ, ಮೇಲಾಗಿ ಎರಡರಲ್ಲೂ ಗೆರೆಗಳನ್ನು ಅಡ್ಡಡ್ಡ ಸೀಳಿದ ಒಂದೇ ಥರದ ಬಿಳಿ ಕಲೆ, ಅಂದರೆ ಹಳೇ ಗಾಯದ ಗುರುತು. ಇನ್ನೇನು ಬೇಕು? ನೂರಕ್ಕೆ ನೂರು ಅವನದೇ ಎಂದು ಬರೆದೆ.

ಈಗೊಂದು ಹೊಸ ನಿಯಮ: ಕೋರ್ಟಿಗೆ ಹೋಗುವ ಮುಂಚೆ ಇನ್ನೊಬ್ಬರು ನೋಡಬೇಕು, ಅವರು ಒಪ್ಪದಿದ್ದರೆ ಸಮಿತಿ ಕೂರಬೇಕು. ಫೈಲು ಭೂತಗನ್ನಡಿಯ ಮೇಜಿಗೆ ಹೋಯಿತು. "ಮೇಡಂ, ಪೆಟ್ಟಿಗೆ ಮೇಲಿನದು ಗಾಯ ಅಲ್ಲ, ಉಕ್ಕಿನ ಮೇಲಿರೋ ಗೀರು ಅನ್ಸುತ್ತೆ" ಅಂದಳು. ಅನಿಸುತ್ತಂತೆ! ಮೂವತ್ತೊಂದು ವರ್ಷದಲ್ಲಿ ನನಗೆ ಒಂದು ಸಲವೂ ಏನೂ ಅನಿಸಿಲ್ಲ. ನೋಡುತ್ತೇನೆ, ಇದ್ದರೆ ಇದೆ ಎನ್ನುತ್ತೇನೆ. ಆ ಬೀಗದವನು ನಲವತ್ತೊಂದು ದಿನ ಒಳಗಿದ್ದು ಈಗ ಜಾಮೀನಿನ ಮೇಲೆ ಹೊರಗಿದ್ದಾನೆ. ನನ್ನ ವರದಿ ಬಿಟ್ಟರೆ ಅವನ ವಿರುದ್ಧ ಬೇರೆ ಸಾಕ್ಷಿ ಇಲ್ಲವಂತೆ. ಬೇಕಾಗಿಯೂ ಇಲ್ಲ.

ಜೂನ್ ೪, ಮಂಗಳವಾರ

ಕೆಳಗಿನ ಮನೆಯಲ್ಲಿ ಅಣ್ಣ, ಮೇಲೆ ನಾನು. ನಡುವೆ ಹದಿನೆಂಟು ಮೆಟ್ಟಿಲು ಮತ್ತು ಇಪ್ಪತ್ತು ವರ್ಷದ ಅರ್ಧಂಬರ್ಧ ಮಾತು. ಅವನು ಕೈ ನೋಡಿ ಭವಿಷ್ಯ ಹೇಳುವವನು. ಆಫೀಸಿನಲ್ಲಿ ಯಾರಾದರೂ ಕೇಳಿದರೆ 'ಸ್ವಂತ ಉದ್ಯೋಗ' ಎನ್ನುತ್ತೇನೆ. ಬೀದಿ ಕಡೆಯ ಕೋಣೆಯ ಬಾಗಿಲ ಮೇಲೆ ಹಸಿರು ಬೋರ್ಡು, ಅದರಲ್ಲಿ ದೊಡ್ಡದೊಂದು ಹಸ್ತ. ಬರೆದವನು ಆತುರದಲ್ಲಿ ಆರು ಬೆರಳು ಹಾಕಿದ್ದಾನೆ. ಇಷ್ಟು ವರ್ಷದಲ್ಲಿ ಬಂದವರಲ್ಲಿ ಒಬ್ಬರೂ ಎಣಿಸಿಲ್ಲ. ಗಿರಾಕಿಗಳ ಮಟ್ಟ ಇದು. ಕೋರ್ಟಿನ ಹಿಂಬದಿಯ ರಸ್ತೆಯಾದ್ದರಿಂದ ಜನಕ್ಕೇನೂ ಬರವಿಲ್ಲ. ವಕೀಲರ ಹತ್ತಿರ ಉತ್ತರ ಸಿಗದವರೆಲ್ಲ ಇವನ ಮುಂದೆ ಕೈ ಚಾಚಿ ಕೂರುತ್ತಾರೆ.

ಮೊನ್ನೆ ಅವನ ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ. ಇನ್ನೊಂದು ಕಣ್ಣು ಮೊದಲಿನಿಂದಲೂ ಮಂಜು. ಮೂರು ವಾರ ಹತ್ತಿರದ್ದೇನನ್ನೂ ದಿಟ್ಟಿಸಬಾರದಂತೆ. ಇದು ನಿನ್ನ ಕೈಯಲ್ಲಿ ಕಾಣಲಿಲ್ಲವೇನೋ ಎಂದು ಕೇಳುವ ಆಸೆಯಾಯಿತು. ಅತ್ತಿಗೆ ಎದುರಿಗೇ ಇದ್ದರು.

"ಹೇಗೂ ಸುಮ್ನೆ ಕೂತಿದೀಯ" ಅಂದರು ಅತ್ತಿಗೆ. "ಇವರ ಪಕ್ಕ ಕೂತು ಕೈಯಲ್ಲಿ ಏನೇನಿದೆ ಅಂತ ಹೇಳು. ಮಿಕ್ಕಿದ್ದು ಇವರು ನೋಡ್ಕೋತಾರೆ."

"ಅತ್ತಿಗೆ, ನಾನು ಸರ್ಕಾರಿ ತಜ್ಞೆ."

"ತಜ್ಞೆ ಆದ್ರೆ ಇನ್ನೂ ಒಳ್ಳೇದಾಯ್ತು. ನಾಳಿದ್ದು ಹತ್ತಕ್ಕೆ ಬಾ. ತಲೆ ಬಾಚ್ಕೊಂಡು ಬಾ."

ಅಣ್ಣ ಕಣ್ಣಿನ ಪಟ್ಟಿಯ ಕೆಳಗೆ ನಗುತ್ತಿದ್ದ. ಬರುವುದಿಲ್ಲ ಎಂದು ಹೇಳಿಯೇ ಮೇಲೆ ಬಂದೆ.

ಜೂನ್ ೬, ಗುರುವಾರ

ಹೋದೆ. ಅತ್ತಿಗೆಯನ್ನು ಎದುರು ಹಾಕಿಕೊಂಡರೆ ನಲ್ಲಿ ನೀರು ಮೇಲಕ್ಕೆ ಏರುವುದಿಲ್ಲ.

ಜೀವಂತ ಕೈ ಎಷ್ಟು ಅಸಹ್ಯ! ಇಷ್ಟು ವರ್ಷ ಲಕ್ಷಗಟ್ಟಲೆ ಬೆರಳು ನೋಡಿದ್ದೇನೆ, ಎಲ್ಲವೂ ಕಾಗದದ ಮೇಲೆ. ಕಾಗದದ ಬೆರಳು ಬೆವರುವುದಿಲ್ಲ, ಹಿಡಿದರೆ ಅದುರುವುದಿಲ್ಲ. ಮನುಷ್ಯರನ್ನು ನೋಡದಿರುವುದೇ ನಮ್ಮ ಕೆಲಸದ ಹೆಚ್ಚುಗಾರಿಕೆ. ಇವತ್ತು ಏಳು ಜನರ ಕೈ ಹಿಡಿದು ಎಂಟು ಸಲ ಸೋಪು ಹಚ್ಚಿ ತೊಳೆದೆ.

ಮೊದಲು ಬಂದವಳು ಬಟ್ಟೆ ಹೊಲಿಯುವವಳು. ಬಾಡಿಗೆ ಮನೆ ಖಾಲಿ ಮಾಡಿಸುವ ಕೇಸು. "ಹೆಬ್ಬೆರಳಲ್ಲಿ ಕುಣಿಕೆ, ತೋರುಬೆರಳಲ್ಲಿ ಸುರುಳಿ" ಎಂದು ಶುರು ಮಾಡಿದೆ.

"ಅದೆಲ್ಲ ನಿನ್ನ ಆಫೀಸಿಗೆ ಇಟ್ಕೋ" ಅಂದ ಅಣ್ಣ. "ಆಯುಷ್ಯ ರೇಖೆ ಎಲ್ಲಿ ತುಂಡಾಗಿದೆ ಹೇಳು."

"ತುಂಡಾಗಿಲ್ಲ. ಇದು ಮಡಚೋ ಜಾಗದ ಸುಕ್ಕು. ಕೋತಿ ಕೈಯಲ್ಲೂ ಇರುತ್ತೆ."

ಹೊಲಿಯುವವಳು ಗಾಬರಿಯಾದಳು. ಅಣ್ಣ ಬೆಣ್ಣೆಯಂಥ ದನಿಯಲ್ಲಿ, "ತುಂಡಾಗಿಲ್ಲ ಅಂತಿದಾಳೆ ನೋಡಿ, ಒಳ್ಳೇ ಸೂಚನೆ. ಒಬ್ಬ ಹಿರಿಯ ಗಂಡಸಿನಿಂದ ನಿಮಗೆ ಸಹಾಯ ಆಗುತ್ತೆ" ಅಂದ. ಆಮೇಲೆ ಬಂದ ಆರು ಜನಕ್ಕೂ ಅದೇ ಹಿರಿಯ ಗಂಡಸು. ಊರಿನಲ್ಲಿ ಅಷ್ಟೊಂದು ಉಪಕಾರಿ ಮುದುಕರು ಎಲ್ಲಿದ್ದಾರೋ! ಕಿವಿ ಮೇಲೆ ಹೂ ಇಡುವುದಕ್ಕೂ ಒಂದು ಮಿತಿ ಬೇಡವೇ?

ಜೂನ್ ೭, ಶುಕ್ರವಾರ

ಒಂಬತ್ತು ಕೈ. ಒಂಬತ್ತು ಹಿರಿಯ ಗಂಡಸರು. ತಲೆನೋವು.

ಜೂನ್ ೧೦, ಸೋಮವಾರ

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೇಳಿಯೇಬಿಟ್ಟೆ. "ಸುಳ್ಳು ಹೇಳ್ತಿದೀನಿ ಅಂತ ನಿನಗೆ ಗೊತ್ತಿರುತ್ತಾ, ಇಲ್ಲ ನೀನೂ ನಂಬ್ತೀಯಾ?"

ಅಣ್ಣ ಗೋಡೆಗೆ ಒರಗಿದ. "ಕೈ ನೋಡೋಕೆ ಮುಂಚೆ ಮುಖ ನೋಡ್ತೀನಿ. ಚಪ್ಪಲಿ ನೋಡ್ತೀನಿ. ಯಾರ ಜೊತೆ ಬಂದ್ರು, ಯಾರು ಮೊದಲು ಬಾಯಿ ಬಿಟ್ರು ಅಂತ ನೋಡ್ತೀನಿ. ಅಷ್ಟೊತ್ತಿಗೆ ವಿಷಯ ಅರ್ಧ ತಿಳಿದಿರುತ್ತೆ. ಆಮೇಲೆ ಕೈ ತಗೊಂಡ್ರೆ ಬೇಕಾದ ರೇಖೆ ಅಲ್ಲೇ ಇರುತ್ತೆ."

"ಇರುತ್ತೆ ಅಲ್ಲ. ನೀನು ಹುಡುಕ್ತೀಯ."

"ಹುಡುಕಿದ್ರೆ ಸಿಗುತ್ತಲ್ಲ, ಅದನ್ನೇ ಹೇಳಿದ್ದು. ಅಷ್ಟೊಂದು ಗೆರೆ ಇರೋವಾಗ ಏನು ಹುಡುಕಿದ್ರೂ ಸಿಗುತ್ತೆ ಕಣೇ. ಮುಖ ಮೊದಲು, ರೇಖೆ ಆಮೇಲೆ."

ಎಷ್ಟು ಆರಾಮಾಗಿ ಹೇಳಿದ! ಉತ್ತರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಲೆಕ್ಕ ಮಾಡುವವನು. ನಮ್ಮ ವಿಭಾಗದಲ್ಲಾಗಿದ್ದರೆ ಮೊದಲ ದಿನವೇ ಕತ್ತು ಹಿಡಿದು ಹೊರಗೆ ಹಾಕುತ್ತಿದ್ದರು. ಇಂಥವನ ಜೊತೆ ಒಂದೇ ತಾಯಿಯ ಹೊಟ್ಟೆ ಹಂಚಿಕೊಂಡೆನಲ್ಲ ಎಂದು ನಾಚಿಕೆಯಾಗುತ್ತದೆ.

ಜೂನ್ ೧೩, ಗುರುವಾರ

ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಒಬ್ಬಳು ಬಂದಿದ್ದಳು. ಕೈಯೆಲ್ಲ ಸೀಳು, ಗೆರೆ ಕಾಣುವಂತೆಯೇ ಇಲ್ಲ. ಅಣ್ಣ ಏನೋ ಬೊಗಳೆ ಬಿಡುವ ಮುಂಚೆ ನಾನೇ ಹೇಳಿದೆ: ಕೆಲಸ ಮುಗಿದ ಮೇಲೆ ವ್ಯಾಸಲೀನ್ ಹಚ್ಚಿಕೊಂಡು ಹತ್ತಿಯ ಕೈಗವಸು ಹಾಕಿಕೋ, ಹದಿನೈದು ದಿನ ಬಿಡದೆ ಮಾಡು. ನನ್ನ ಬೀರುವಿನಲ್ಲಿ ಆಫೀಸಿನ ಹಳೇ ಕೈಗವಸು ಬಿದ್ದಿದ್ದವು, ತಂದುಕೊಟ್ಟೆ. ಕರುಣೆಗಿರುಣೆ ಏನೂ ಅಲ್ಲ. ಅಂಥ ಕೈ ನೋಡಿದರೆ ನನಗೆ ಕೆಲಸ ಸಾಗುವುದಿಲ್ಲ, ಅಷ್ಟೇ.

ಸಂಜೆ ಅತ್ತಿಗೆ ಚಹಾ ಕೊಡುತ್ತಾ, "ಕೈ ಹಿಡಿಯೋ ಅಕ್ಕ ಇದಾರಾ ಅಂತ ಕೇಳ್ಕೊಂಡು ಬರ್ತಾರಪ್ಪ ಈಗ" ಅಂದರು. ನಾನು ಮೂಗು ಮುರಿದೆ. ಇವತ್ತು ಎಷ್ಟು ಸಲ ಕೈ ತೊಳೆದೆನೋ ನೆನಪಿಲ್ಲ.

ಜೂನ್ ೧೮, ಮಂಗಳವಾರ

ನಿಧಾನವಾಗಿ, ಆದದ್ದು ಆದ ಹಾಗೆ ಬರೆಯಬೇಕು.

ಹನ್ನೊಂದು ಗಂಟೆಗೆ ಗಂಡ ಹೆಂಡತಿ ಬಂದರು. ಅವಳು ಎದೆಗೆ ಅವುಚಿಕೊಂಡ ಪ್ಲಾಸ್ಟಿಕ್ ಕವರಿನ ತುಂಬ ಕಾಗದ. ಕೋರ್ಟಿಗೆ ಅಲೆಯುವವರ ಕೈಯಲ್ಲಿ ಅದು ಇದ್ದೇ ಇರುತ್ತದೆ. ಅವನಿಗೆ ಮೂವತ್ತೈದಿರಬಹುದು. ಬಾಗಿಲಲ್ಲೇ ನಿಂತು ಮೇಲೆ ನೋಡಿ, "ಬೋರ್ಡಲ್ಲಿ ಆರು ಬೆರಳಿದೆಯಲ್ಲಾ" ಅಂದ. ಇಷ್ಟು ವರ್ಷಕ್ಕೆ ಒಬ್ಬನಾದರೂ ಕಣ್ಣಿರುವವನು ಬಂದನಲ್ಲ ಎಂದುಕೊಂಡೆ. "ಸುಮ್ನಿರ್ರೀ" ಎಂದು ಹೆಂಡತಿ ತಿವಿದಳು.

ಎದುರಿಗೆ ಕೂತ. ಬಲಗೈ ತೆಗೆದುಕೊಂಡೆ. ಒರಟು ಕೈ, ಬೆರಳ ತುದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಬ್ಬಿಣದ ಕಪ್ಪು. ಅಣ್ಣ ಎಂದಿನಂತೆ "ಏನಿದೆ?" ಅಂದ. ಬೆಳಕಿಗೆ ಹಿಡಿದೆ.

ಹೆಬ್ಬೆರಳಿನ ಸುರುಳಿ. ಅದರ ನಡುವಿನಿಂದ ಎಡಕ್ಕೆ ಮೂರನೇ ಗೆರೆ ಒಡೆದು ಎರಡಾಗಿ, ಸ್ವಲ್ಪ ದೂರ ಹೋಗಿ ಮತ್ತೆ ಕೂಡಿಕೊಳ್ಳುತ್ತದೆ. ಅದರ ಮೇಲೆ ಅಡ್ಡಕ್ಕೆ ಬಿಳಿ ಕಲೆ. ಈ ಬೆರಳನ್ನು ಹತ್ತು ಪಟ್ಟು ದೊಡ್ಡದು ಮಾಡಿ ವಾರಗಟ್ಟಲೆ ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಅವನ ಮುಖ ನಾನು ಹಿಂದೆ ಕಂಡಿರಲಿಲ್ಲ. ಬೆರಳು ಮಾತ್ರ ನನ್ನ ಬೆರಳಿಗಿಂತ ಹೆಚ್ಚು ಪರಿಚಯ.

"ಏನಿದೆ ಹೇಳೇ" ಅಂದ ಅಣ್ಣ ಮತ್ತೆ.

"ಹೆಬ್ಬೆರಳಲ್ಲಿ ಗಾಯದ ಕಲೆ" ಅಂದೆ. ದನಿ ನನ್ನದಲ್ಲದ ಹಾಗೆ ಬಂತು. "ಇದು ಯಾವಾಗ ಆಗಿದ್ದು?"

"ಕೀಲಿ ಮಾಡೋ ಮಿಷಿನ್ನಿಗೆ ಸಿಕ್ಕಿಬಿಡ್ತು ಅಕ್ಕ" ಅಂದ. "ಮೂರು ತಿಂಗಳಾಯ್ತು."

"ಮೂರು ತಿಂಗಳು ಅಂದ್ರೆ ಯಾವಾಗ? ಸರಿಯಾಗಿ ಹೇಳಿ."

ಹೆಂಡತಿ ಬಾಯಿ ಹಾಕಿದಳು. "ಮಗಳ ಪರೀಕ್ಷೆ ಶುರುವಾದ ದಿನ. ಒಂದು ವಾರ ಇವರ ಶರ್ಟಿನ ಗುಂಡಿ ಅವಳೇ ಹಾಕ್ತಿದ್ಳು. ಚೀಟಿ ಇದೆ ನೋಡಿ, ನಾನು ಒಂದು ಕಾಗದಾನೂ ಬಿಸಾಕಲ್ಲ." ಕವರಿನಿಂದ ಆಸ್ಪತ್ರೆಯ ಚೀಟಿ ತೆಗೆದಳು. ಬಲ ಹೆಬ್ಬೆರಳು, ನಾಲ್ಕು ಹೊಲಿಗೆ. ಮಾರ್ಚ್ ಇಪ್ಪತ್ತು.

ಕಳ್ಳತನ ಆದದ್ದು ಮಾರ್ಚ್ ಒಂಬತ್ತು. ಹನ್ನೊಂದು ದಿನದ ಮೇಲೆ ಆಗಲಿರುವ ಗಾಯ ಪೆಟ್ಟಿಗೆಯ ಮೇಲೆ ಮೂಡುವುದು ಹೇಗೆ?

"ಈ ಚೀಟಿ ವಕೀಲರಿಗೆ ತೋರಿಸಿದ್ರಾ?" ಅಂದೆ.

"ಗಾಯದ ವಿಷಯ ಯಾರೂ ಕೇಳೇ ಇಲ್ಲ ಅಕ್ಕ. ಯಾರೋ ಒಬ್ರು ಮೇಡಂ ಬರೆದಿದಾರಂತೆ, ನೂರಕ್ಕೆ ನೂರು ಇವರದೇ ಬೆರಳು ಅಂತ. ಅಷ್ಟು ದೊಡ್ಡೋರು ಬರೆದ ಮೇಲೆ ವಕೀಲರು ತಾನೇ ಏನು ಮಾಡ್ತಾರೆ? ಬೀದೀಲಿ ಯಾರೂ ಇವರ ಕೈಗೆ ಬೀಗ ಕೊಡಲ್ಲ ಈಗ. ನಮ್ಮ ಕೈಯಲ್ಲಿ ಏನು ಬರೆದಿದೆ ಅಂತ ಕೇಳೋಣ ಅಂತ ಬಂದ್ವಿ."

ಅವನ ಕೈ ಇನ್ನೂ ನನ್ನ ಕೈಯಲ್ಲಿತ್ತು. ಬೆವರುತ್ತಿದ್ದದ್ದು ಅವನದಲ್ಲ.

ಅಣ್ಣ ನನ್ನ ಕಡೆ ತಲೆ ತಿರುಗಿಸಿದ. ಆಮೇಲೆ ಹೇಳಿದ: "ಒಬ್ಬ ಹೆಂಗಸಿನಿಂದ ನಿಮಗೆ ಒಳ್ಳೇದಾಗುತ್ತೆ. ಬೇಗ ಆಗುತ್ತೆ. ಧೈರ್ಯವಾಗಿ ಹೋಗಿ."

ಜೂನ್ ೧೯, ಬುಧವಾರ

ಕೆಳಗೆ ಹೋಗಲಿಲ್ಲ. ಮೈ ಸರಿಯಿಲ್ಲ ಎಂದೆ. ಅತ್ತಿಗೆ ನಂಬಲಿಲ್ಲ, ಆದರೆ ಗಂಜಿ ಕಳಿಸಿದರು.

ಜೂನ್ ೨೧, ಶುಕ್ರವಾರ

ಸಮಿತಿಗೆಂದು ಮನೆಗೆ ತಂದಿದ್ದ ದೊಡ್ಡ ಫೋಟೋಗಳನ್ನು ಹೊರಗೆ ತೆಗೆದೆ. ಒಂದು ಪೆಟ್ಟಿಗೆಯ ಮೇಲಿನ ಗುರುತು, ಒಂದು ಅವನ ಬೆರಳು. ಎರಡರ ಮೇಲೂ ನನ್ನದೇ ಕೆಂಪು ಚುಕ್ಕಿಗಳು, ಹನ್ನೆರಡು ಹನ್ನೆರಡು.

ನಮ್ಮ ಕೆಲಸದ ಮೊದಲ ಪಾಠ: ಮೊದಲು ಅಪರಾಧದ ಜಾಗದ ಗುರುತನ್ನು ಮಾತ್ರ ನೋಡಬೇಕು, ಅದರಲ್ಲಿ ಕಂಡದ್ದಕ್ಕೆ ಚುಕ್ಕಿ ಇಡಬೇಕು. ಆರೋಪಿಯ ಬೆರಳನ್ನು ಅಲ್ಲಿಯವರೆಗೆ ಮುಚ್ಚಿಡಬೇಕು. ಹೊಸಬರಿಗೆಲ್ಲ ನಾನೇ ಹೇಳಿಕೊಟ್ಟದ್ದು, ಭೂತಗನ್ನಡಿಗೂ.

ನಾನು ಅವತ್ತು ಹಾಗೆ ಮಾಡಿರಲಿಲ್ಲ. ಲಕೋಟೆ ತೆರೆದಾಗ ಪೊಲೀಸರ ಪತ್ರ ಮೇಲೇ ಇತ್ತು. 'ಆರೋಪಿಯು ಬೀಗ ರಿಪೇರಿ ಮಾಡುವವನು.' ಬೀಗ ಒಡೆಯದ ಕಳ್ಳತನ, ಬೀಗದವನು. ಹಾಗಾದರೆ ಇವನೇ ಎಂದುಕೊಂಡದ್ದು ಚೆನ್ನಾಗಿ ನೆನಪಿದೆ. ಅವನ ಸ್ಪಷ್ಟವಾದ ಬೆರಳಚ್ಚಿನ ಮೇಲೆ ಮೊದಲು ಚುಕ್ಕಿ ಇಟ್ಟೆ, ಆಮೇಲೆ ಅವನ್ನು ಹುಡುಕಿಕೊಂಡು ಪೆಟ್ಟಿಗೆಯ ಮಸುಕು ಗುರುತಿನ ಕಡೆ ಹೋದೆ. ಹುಡುಕಿದೆ, ಸಿಕ್ಕಿದವು.

ಇವತ್ತು ಅವನ ಬೆರಳನ್ನು ಮುಚ್ಚಿಟ್ಟು, ಪೆಟ್ಟಿಗೆಯ ಗುರುತನ್ನು ಮಾತ್ರ ನೋಡಿದೆ. ಹನ್ನೆರಡರಲ್ಲಿ ನಾಲ್ಕು ಮಾತ್ರ ನಿಜಕ್ಕೂ ಇವೆ. ನಾಲ್ಕು ನನಗೂ ಅಣ್ಣನಿಗೂ ಅತ್ತಿಗೆಗೂ ಹೊಂದುತ್ತವೆ. ಬಿಳಿ ಕಲೆ ಗೆರೆಗಳನ್ನು ದಾಟಿ ಬೆರಳಿನ ಗುರುತಿನ ಹೊರಗೂ ಚಾಚಿದೆ. ಗಾಯ ಬೆರಳಿನ ಆಚೆಗೆ ಹೋಗುವುದಿಲ್ಲ. ಗೀರು. ದಪ್ಪ ಕನ್ನಡಕದ ಆ ಹುಡುಗಿಗೆ ಒಂದೇ ನೋಟಕ್ಕೆ ಕಂಡದ್ದು.

ಟೈಪ್ ಮಾಡಿದ ಸಾಲು ಮೇಜಿನ ಮೇಲಿದೆ. ಸಹಿ ಹಾಕಿದರೆ ನನ್ನ ಮೂವತ್ತೊಂದು ವರ್ಷ ಉಳಿಯುತ್ತದೆ. ಅವನು ಒಳಗೆ ಹೋಗುತ್ತಾನೆ. ಇಷ್ಟೇ ವಿಷಯ, ಇದರಲ್ಲಿ ಎಣಿಸುವುದಕ್ಕೇನಿಲ್ಲ.

ಜೂನ್ ೨೩, ಭಾನುವಾರ

ಅಣ್ಣನ ಕಣ್ಣಿಗೆ ಔಷಧಿ ಬಿಡುವಾಗ ಕೇಳಿದೆ. "ಅವತ್ತು ಅವನಿಗೆ ಯಾಕೆ ಹೆಂಗಸು ಅಂದೆ?"

"ಎಲ್ಲರಿಗೂ ಅಂತೀನಲ್ಲ."

"ಸುಳ್ಳು. ಎಲ್ಲರಿಗೂ ಹಿರಿಯ ಗಂಡಸು ಅಂತೀಯ. ಹತ್ತು ದಿನದಿಂದ ಕೇಳಿ ಕೇಳಿ ಕಿವಿ ತೂತಾಗಿದೆ."

ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ. "ನನಗೆ ಮುಖ ಕಾಣಿಸ್ತಿರಲಿಲ್ಲ, ನಿನ್ನ ದನಿ ಕೇಳಿಸ್ತು. ಚಿಕ್ಕವಳಿದ್ದಾಗ ಅಪ್ಪನ ಪೆನ್ನು ಮುರಿದು ಒಪ್ಕೊಳೋಕೆ ಬಂದಾಗ ನಿನ್ನ ದನಿ ಹಾಗೆ ಆಗಿತ್ತು. ಅದು ನೆನಪಾಯ್ತು." ಆಮೇಲೆ, "ಇನ್ನೊಂದು ಹನಿ ಬಿಡು, ಆಚೆ ಬಿತ್ತು" ಅಂದ.

ಹಸ್ತರೇಖೆ ಶುದ್ಧ ಬೊಗಳೆ. ಈಗಲೂ ಹಾಗೇ ಅನ್ನುತ್ತೇನೆ.

ಜೂನ್ ೨೫, ಮಂಗಳವಾರ

ಸಮಿತಿಯಲ್ಲಿ ಮೂರು ಜನ, ಮೂರು ನೀರಿನ ಲೋಟ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು. ಟೈಪ್ ಮಾಡಿದ ಹಾಳೆಯನ್ನು ಮಗುಚಿ ಹಿಂದೆ ಬರೆದೆ: ಆ ಗುರುತು ಅವನದೆನ್ನಲು ಆಧಾರವಿಲ್ಲ. ಪೆಟ್ಟಿಗೆಯ ಮೇಲಿರುವುದು ಗೀರು. ಅವನ ಗಾಯ ಕಳ್ಳತನದ ನಂತರದ್ದು, ಆಸ್ಪತ್ರೆಯ ದಾಖಲೆ ತರಿಸಿ ನೋಡಿ. ನಾನು ಪತ್ರ ಮೊದಲು ಓದಿದೆ, ಬೆರಳು ಆಮೇಲೆ ನೋಡಿದೆ. ತಪ್ಪು ನನ್ನದು.

ಸಾಹೇಬರ ಮುಖ ಸುಟ್ಟ ಬದನೆಕಾಯಿ. "ಮೇಡಂ, ಇದರ ಅರ್ಥ ಗೊತ್ತಾ? ನಿಮ್ಮ ಹಳೇ ವರದಿಗಳನ್ನೆಲ್ಲ ಮತ್ತೆ ತೆಗೀಬೇಕಾಗುತ್ತೆ."

"ತೆಗೀರಿ" ಅಂದೆ. ಬಾಯಿಂದ ಬಂದ ಮೇಲೆ ಅರ್ಥ ಆಯಿತು.

ಹೊರಗೆ ಕಾರಿಡಾರಿನಲ್ಲಿ ಭೂತಗನ್ನಡಿ ಫೈಲು ಹಿಡಿದು ನಿಂತಿದ್ದಳು. "ಗೀರೇ" ಎಂದು ಹೇಳಿ ಮುಂದೆ ಹೋದೆ. ಹಿಂದೆ ಮೂಗು ಸೀಟುವ ಸದ್ದು ಕೇಳಿತು. ಅಳುಮುಂಜಿ. ಆದರೆ ಕೆಲಸ ಬಲ್ಲ ಹುಡುಗಿ.

ಜುಲೈ ೪, ಗುರುವಾರ

ನನ್ನನ್ನು ಅಮಾನತಿನಲ್ಲಿಟ್ಟಿದ್ದಾರೆ. ಅಣ್ಣನ ಕಣ್ಣಿನ ಪಟ್ಟಿ ಹೋಗಿದೆ. ಅವನಿಗೆ ಈಗ ನನ್ನ ಅಗತ್ಯವಿಲ್ಲ, ಆದರೂ ಅತ್ತಿಗೆ ಹತ್ತಕ್ಕೆ ಸರಿಯಾಗಿ ಕೂಗುತ್ತಾರೆ, ನಾನೂ ಬೈದುಕೊಂಡು ಇಳಿಯುತ್ತೇನೆ.

ಇವತ್ತು ಬೀಗದವನು, ಅವನ ಹೆಂಡತಿ ಬಂದರು. ನನ್ನ ವರದಿ ವಾಪಸಾಗಿದೆ, ಕೇಸು ನಿಲ್ಲುವುದಿಲ್ಲ ಎಂದು ವಕೀಲರು ಹೇಳಿದ್ದಾರೆ. ಅವಳು ಅಣ್ಣನ ಕಾಲಿಗೇ ಬೀಳಲು ಹೋದಳು. "ಹೆಂಗಸಿನಿಂದ ಒಳ್ಳೇದಾಗುತ್ತೆ ಅಂದ್ರಲ್ಲ ಗುರುಗಳೇ, ಅದೇ ಮೇಡಂ ತಾವಾಗಿ ಬರೆದುಕೊಟ್ರಂತೆ! ನಿಮ್ಮ ಬಾಯಲ್ಲಿ ಬಂದಿದ್ದು ಹುಸಿಯಾಗಲ್ಲ. ನಮ್ಮ ಬೀದಿಯವರಿಗೆಲ್ಲ ಹೇಳಿದೀನಿ."

ಹೊಟ್ಟೆ ಉರಿದುಹೋಯಿತು. ಇಷ್ಟು ವರ್ಷ ಈ ಆರು ಬೆರಳಿನ ಬೋರ್ಡನ್ನು ಕಂಡು ಉಗಿದವಳು, ಕೊನೆಗೆ ನೌಕರಿ ಬಲಿಕೊಟ್ಟು ಅದಕ್ಕೇ ಹೆಸರು ತಂದುಕೊಟ್ಟೆ. ಅಣ್ಣನಿಗಾದರೂ ನಾಚಿಕೆ ಬೇಡವೇ? ಅವನು ನನ್ನ ಕಡೆ ನೋಡುತ್ತಿದ್ದ.

ಬೀಗದವನು ನನ್ನ ಮುಂದೆ ಕೈ ಚಾಚಿದ. "ನೀವೂ ನೋಡಿ ಅಕ್ಕ. ಇನ್ನು ಮುಂದೆ ಏನಿದೆ?"

ಕೈ ಹಿಡಿದೆ. ಹಿಡಿದುಕೊಂಡೇ ಹೇಳಿದೆ. "ಆ ಮೇಡಂ ನಾನೇ."

ಹೆಂಡತಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವನಿಗೆ ಕೂಡಲೇ ಆಯಿತು. ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ಇನ್ನೊಂದು ಕೈಯಿಂದ ಹೆಬ್ಬೆರಳನ್ನು ಮುಚ್ಚಿಕೊಂಡ.

"ನಲವತ್ತೊಂದು ದಿನ" ಅಂದ. "ನನ್ನನ್ನ ಒಂದು ಸಲನಾದ್ರೂ ನೋಡಿದ್ರಾ?"

"ಇಲ್ಲ. ಹೆಬ್ಬೆರಳು ಮಾತ್ರ."

ಬೈಯುತ್ತಾನೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಎದ್ದು ಹೆಂಡತಿಯನ್ನು ಕರೆದುಕೊಂಡು ಬಾಗಿಲವರೆಗೆ ಹೋದ. ಬೋರ್ಡಿನ ಕೆಳಗೆ ನಿಂತು ತಿರುಗಿದ.

"ನನ್ನ ಥರ ಇನ್ನೆಷ್ಟು ಜನ ಇದಾರೆ?"

"ಗೊತ್ತಿಲ್ಲ" ಅಂದೆ. "ಎಣಿಸ್ತಿದೀನಿ."

ನಿಜವಾಗಿಯೂ ಎಣಿಸುತ್ತಿದ್ದೇನೆ. ಈ ಪುಸ್ತಕದ ಹಿಂದಿನ ಪುಟದಲ್ಲಿ, ಪತ್ರ ಮೊದಲು ಓದಿ ಬೆರಳು ಆಮೇಲೆ ನೋಡಿದ ಕೇಸುಗಳನ್ನು ನೆನಪಾದಂತೆ ಬರೆದಿಡುತ್ತಿದ್ದೇನೆ. ನಾಳೆ ಭೂತಗನ್ನಡಿಗೆ ಕೊಡಬೇಕು. ಮನೆಗೆಲಸದವಳು, ಲಾರಿ ಡ್ರೈವರ್, ಹಳೇ ಕಳ್ಳ ಎಂದು ಪತ್ರದಲ್ಲೇ ಬರೆದಿದ್ದ ಒಬ್ಬ. ಯಾರ ಮುಖವೂ ಗೊತ್ತಿಲ್ಲ. ಇವತ್ತಿಗೆ ಏಳು.